ಅಲ್ಲಿ ಹಾಕಿದ ಹಾಗೇ

ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಹಿತ್ತಲಲ್ಲಿ ಇಬ್ಬರೂ ಎದುರುಬದುರು ನಿಂತು ನೀರು ಹಿಂಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಗಂಡನ ಕೂಗು ಬಂತು.

"ಏನೇ, ಬರ್ತೀಯಾ? ಸ್ವಿಚ್ ಹಾಕ್ತಿದ್ದೀನಿ!"

ಮಗಳು ತನ್ನ ತುದಿಯನ್ನು ಬಕೆಟ್ಟಿಗೆ ಬಿಟ್ಟು ಓಡಿದಳು. ಬಕೆಟ್ಟಿನಲ್ಲಿ ಹಿಂಡದ ಬಟ್ಟೆ ಇನ್ನೂ ಅರ್ಧಕ್ಕರ್ಧ ಉಳಿದಿತ್ತು. 'ಇದೊಂದು ಮುಗಿಸಿ ಬರ್ತೀನಿ' ಅನ್ನಲು ಹೊರಟ ತಾಯಿ ಬಾಯಿ ಮುಚ್ಚಿಕೊಂಡಳು. ಗಂಡನ ದನಿಯಲ್ಲಿ ಅಷ್ಟು ಹುರುಪು ಕೇಳಿ ಎಷ್ಟೋ ದಿನವಾಗಿತ್ತು. ಅದಕ್ಕೆ ತಣ್ಣೀರೆರಚುವ ಮನಸ್ಸಾಗಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋದಳು.

ಬಚ್ಚಲಿನ ಪಕ್ಕದ ಸಣ್ಣ ಕೋಣೆ ಅದು. ಮೊದಲು ಅಲ್ಲಿ ಮುರಿದ ಕುರ್ಚಿ, ಹಳೇ ಪೆಟ್ಟಿಗೆ ತುಂಬಿರುತ್ತಿದ್ದವು. ಗಂಡನ ಕೆಲಸವೇ ಮನೆಮನೆಗೆ ಹೋಗಿ ಸೌನಾ ಹೀಟರ್ ಕೂರಿಸುವುದು. ಸುತ್ತ ಮರದ ಹಲಗೆ ಹೊದಿಸಿದ ಕೋಣೆ, ಗೋಡೆಗೆ ಕರೆಂಟಿನ ಒಲೆ, ಅದರ ಮೇಲೆ ಕಲ್ಲು. ಕಲ್ಲು ಕಾದು, ಕೋಣೆ ಕಾದು, ಒಳಗೆ ಕೂತವರ ಮೈ ಬೆವರಬೇಕು. ಅವಳ ಅತ್ತೆಯ ಬಾಯಲ್ಲಿ ಅದು 'ಸುಮ್ನೆ ಕೂತು ದಣಿಯೋ ಕೋಣೆ'. ಆ ಅತ್ತೆಯ ಮಂಡಿನೋವಿಗೆ ಅಂತಲೇ ಗಂಡ ಕೆಲಸದಲ್ಲಿ ಮಿಕ್ಕ ಹಲಗೆ ತಂದು ಇಲ್ಲಿ ಹೊದಿಸಿದ್ದ. ಹೀಟರ್ ಮಾತ್ರ ಡಬ್ಬದಿಂದ ಆಚೆ ಬಂದಿರಲಿಲ್ಲ. ಊರಿಗೆಲ್ಲ ಹೀಟರ್ ಹಾಕುವವನಿಗೆ ತನ್ನ ಮನೆಗೆ ಹಾಕಲು ಪುರುಸೊತ್ತೆಲ್ಲಿ?

ಈಗ ಪುರುಸೊತ್ತು ಬೇಕಾದಷ್ಟಿತ್ತು. ಹೋದ ತಿಂಗಳು, ಅವನು ಹೀಟರ್ ಹಾಕಿದ್ದ ಒಂದು ಮನೆಯ ಸೌನಾ ಕೋಣೆಗೆ ಬೆಂಕಿ ಹತ್ತಿತು. ಹೊಗೆ ಕಂಡು ಬಾಗಿಲು ತೆಗೆಯಲು ಹೋದ ಆ ಮನೆಯ ಅಜ್ಜಿಯ ಎರಡೂ ಕೈ ಸುಟ್ಟವು. ಬೆಂಕಿ ಯಾಕೆ ಹತ್ತಿತು ಅನ್ನುವುದು ಯಾರಿಗೂ ತಿಳಿಯಲಿಲ್ಲ. ತಿಳಿದುಕೊಳ್ಳಲು ಆ ಕೋಣೆಯಲ್ಲಿ ಏನೂ ಉಳಿದಿರಲಿಲ್ಲ. ವಿಚಾರಣೆ ಮುಗಿಯುವ ತನಕ ಮನೆಯಲ್ಲೇ ಇರಿ ಅಂದಿದ್ದರು ಕಂಪನಿಯವರು. ನಾಳೆ ಬೆಳಗ್ಗೆ ಸೂಪರ್‌ವೈಸರ್ ಮನೆಗೇ ಬಂದು ಮಾತಾಡುವವನಿದ್ದ.

"ಬರ್ಲಿ," ಅನ್ನುತ್ತಿದ್ದ ಗಂಡ. "ಅಲ್ಲಿ ಹೇಗೆ ಹಾಕಿದ್ನೋ ಹಾಗೇ ಇಲ್ಲೂ ಹಾಕ್ತೀನಿ. ಅದೇ ಹೀಟರ್, ಅದೇ ಅಳತೆ, ಒಂದು ಸ್ಕ್ರೂ ಆಚೀಚೆ ಇಲ್ಲ. ಅವನ ಕಣ್ಣೆದುರೇ ಕಾಯಿಸಿ ತೋರಿಸ್ತೀನಿ. ಆ ಮನೆಯವ್ರು ಕಲ್ಲಿನ ಮೇಲೆ ಟವೆಲ್ ಒಣಗಹಾಕಿದ್ರು, ಅದಕ್ಕೆ ನಾನೇನ್ಮಾಡ್ಲಿ?"

ಈ ಟವೆಲ್ಲಿನ ಮಾತು ಮೊದಲು 'ಹಾಕಿದ್ರೇನೋ' ಅಂತ ಶುರುವಾಗಿತ್ತು. ಒಂದು ವಾರದಲ್ಲಿ ಅದು 'ಹಾಕಿರ್ತಾರೆ' ಆಯಿತು. ಈಗ 'ಹಾಕಿದ್ರು' ಅಂತಲೇ ನಿಂತಿತ್ತು. ಅವಳು ಅದನ್ನು ಗಮನಿಸಿದ್ದಳು. ಆದರೆ ಒಂದು ಮಾತೂ ಆಡಿರಲಿಲ್ಲ. ಗಂಡ ರಾತ್ರಿ ನಿದ್ದೆ ಮಾಡದೆ ಹೊರಳಾಡುವುದನ್ನು ಪಕ್ಕದಲ್ಲೇ ಮಲಗಿ ಕಂಡವಳು ಏನು ತಾನೇ ಆಡಿಯಾಳು?

ಅವಳನ್ನು ಹೆಚ್ಚು ಕಾಡಿದ್ದು ಮಗಳು. ಮಾತಿಗೆ ನಿಂತರೆ ಪಟಪಟ ಕಿಡಿ ಹಾರಿಸುತ್ತಾಳೆಂದು ಅತ್ತೆ ಆ ಮಗುವಿಗೆ ಚಿನಕುರುಳಿ ಅಂತ ಹೆಸರಿಟ್ಟಿದ್ದರು. ಶಾಲೆಯಲ್ಲಿ ಯಾರೋ ಏನೋ ಅಂದಿದ್ದರು, ಏನೆಂದು ಮಗಳು ಹೇಳಲಿಲ್ಲ. ಆಮೇಲೆ ಬರೀ ಸುತ್ತಿಬಳಸಿದ ಪ್ರಶ್ನೆಗಳು. "ಅಮ್ಮ, ಸುಟ್ಟ ಬೆರಳಿಗೆ ಉಗುರು ವಾಪಸ್ ಬರುತ್ತಾ?" "ಅಮ್ಮ, ಎರಡೂ ಕೈಗೆ ಬ್ಯಾಂಡೇಜ್ ಇದ್ರೆ ತಲೆ ಯಾರು ಬಾಚ್ತಾರೆ?" ಅಪ್ಪ ಕೋಣೆಗೆ ಬಂದರೆ ಅಷ್ಟೂ ನಿಂತುಹೋಗುತ್ತಿತ್ತು. ನಿಜವಾಗಿ ಕೇಳಬೇಕಾದದ್ದು ಗಂಟಲಲ್ಲೇ ಇದೆಯೆಂದು ತಾಯಿಗೆ ಗೊತ್ತಿತ್ತು. ತನ್ನ ಗಂಟಲಲ್ಲೂ ಅದೇ ಸಿಕ್ಕಿಕೊಂಡಿದ್ದರಿಂದ ಗೊತ್ತಿತ್ತು.

"ನೋಡ್ರೇ, ಎಲ್ಲಾದ್ರೂ ಒಂದು ವೈರ್ ಕಾಣ್ಸುತ್ತಾ?" ಗಂಡ ಕೋಣೆಯ ನಡುವೆ ನಿಂತು ಕೈ ಚಾಚಿ ತೋರಿಸಿದ.

ಕಾಣಿಸುತ್ತಿರಲಿಲ್ಲ. ಗೋಡೆಗೆ ಹೀಟರ್, ಅದರ ತುಂಬ ನಿನ್ನೆ ತಾಯಿಮಗಳು ತಿಕ್ಕಿ ತೊಳೆದ ಕಲ್ಲು. ಹೀಟರಿಗಿಂತ ಮೇಲೆ ಹಿತ್ತಲ ಗೋಡೆ ಕೊರೆದು ಮಾಡಿದ ಗಾಳಿಕಿಂಡಿ. ಕಿಂಡಿಯ ಪಕ್ಕ, ಒಂದು ಅಂಗೈ ಅಗಲದಷ್ಟು ದೂರದಲ್ಲಿ, ಬೆಂಕಿಪೊಟ್ಟಣದಂಥ ಒಂದು ಡಬ್ಬಿ.

"ಅದೇನಪ್ಪ ಅದು?" ಮಗಳು ಕೇಳಿದಳು.

"ಸೆನ್ಸರ್ ಕಣೇ. ಶೆಕೆ ಎಷ್ಟಾಯ್ತು ಅಂತ ನೋಡೋದೇ ಅದರ ಕೆಲಸ. ನೋಡಿ ಹೊರಗಿನ ಪ್ಯಾನೆಲ್ಲಿಗೆ ಹೇಳುತ್ತೆ. ನಾನು ಎಂಭತ್ತಕ್ಕೆ ಇಟ್ಟಿದ್ದೀನಿ. ಎಂಭತ್ತಾದ ತಕ್ಷಣ ಟಕ್ ಅಂತ ಹೀಟರ್ ಆರುತ್ತೆ. ಏನೋ ಎಡವಟ್ಟಾಗಿ ಮಿತಿ ಮೀರಿದ್ರೂ ಆರ್ಸೋದು ಅದೇ ಡಬ್ಬಿ. ವೈರ್ ಕಿಂಡಿ ಚೌಕಟ್ಟಿನೊಳಗಿಂದ ತಂದಿದ್ದೀನಿ, ಅದಕ್ಕೇ ಇಷ್ಟು ನೀಟು. ನಮ್ಮ ಕಡೆ ಹೀಗೆ ಹಾಕೋನು ನಾನೊಬ್ನೇ."

ಅತ್ತೆ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ನನ್ನ ಮಗ ಹಾಕಿದ ಸ್ಕ್ರೂನ ಯಮ ಬಂದ್ರೂ ಬಿಚ್ಚೋಕಾಗಲ್ಲ," ಅಂದರು.

"ಯಮ ಯಾಕತ್ತೆ, ನಾಳೆ ಸೂಪರ್‌ವೈಸರ್ ಬರ್ತಿರೋದೇ ಸಾಕಾಗಿದೆ," ಅಂದಳು ಅವಳು. ಗಂಡನೂ ನಕ್ಕ.

ಎಲ್ಲರೂ ಹೊರಗೆ ಬಂದರು. ಗಾಜಿನ ಬಾಗಿಲು ಮುಚ್ಚಿದ್ದಾಯಿತು. ಒಳಗೆ ಮೇಲಿನ ಬೆಂಚಿನ ಗೋಡೆಗೆ ಮುಳ್ಳಿನ ಥರ್ಮಾಮೀಟರ್ ನೇತುಹಾಕಿತ್ತು. "ನೀನು ಬಾಗಿಲಿಂದ ಆ ಮುಳ್ಳು ನೋಡಿ ಹೇಳ್ತಾ ಇರು," ಅಂತ ಮಗಳಿಗೆ ಹೇಳಿ ಅವನು ಪ್ಯಾನೆಲ್ಲಿನ ಮುಂದೆ ನಿಂತ. ಸ್ವಿಚ್ ಹಾಕಿದ. ಕೆಂಪು ದೀಪ ಹತ್ತಿತು.

ಹೊಸ ಕಬ್ಬಿಣ ಕಾಯುವ ವಾಸನೆ ಬಂತು. ಮೊದಲ ಸಲ ಹಾಗೇ ಅಂದ ಅವನು. ಮಗಳು ಗಾಜಿಗೆ ಮೂಗು ಒತ್ತಿಕೊಂಡು ಓದುತ್ತಿದ್ದಳು. ನಲವತ್ತು. ಐವತ್ತು. ಗಂಡನೂ ಇಲ್ಲಿಂದ ಪ್ಯಾನೆಲ್ಲಿನ ಅಂಕಿ ಓದುತ್ತಿದ್ದ. ಮೊದಮೊದಲು ಎರಡೂ ಜೊತೆಯಲ್ಲೇ ಹೋದವು, ತುಸು ಹಿಂದುಮುಂದು ಅಷ್ಟೆ.

"ಎಪ್ಪತ್ತು," ಅಂದಳು ಮಗಳು.

"ಐವತ್ತೆಂಟು," ಅಂದ ಅಪ್ಪ.

"ಎಂಭತ್ತು ಅಪ್ಪ."

"ಅರವತ್ತೆರಡು."

ಅವಳು ಗಂಡನ ಮುಖ ನೋಡಿದಳು. ಅವನು ಪ್ಯಾನೆಲ್ಲಿನಿಂದ ಕಣ್ಣು ಕೀಳಲಿಲ್ಲ. "ಆ ಮುಳ್ಳಿನದು ಅಗ್ಗದ ಮಾಲು. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ."

"ತೊಂಭತ್ತು."

ಮಗಳ ದನಿ ಸಣ್ಣದಾಗಿತ್ತು. ಅವಳು ಹೋಗಿ ಮಗಳ ಪಕ್ಕ ಬಗ್ಗಿ ನೋಡಿದಳು. ಮುಳ್ಳು ತೊಂಭತ್ತು ದಾಟಿ, ಕೆಂಪು ಬಣ್ಣ ಬಳಿದ ಕಡೆಗೆ ಹೊರಟಿತ್ತು. ಸೂರಿನ ಹಲಗೆಯ ಗಂಟೊಂದರಿಂದ ಜೇನಿನಂಥ ಅಂಟು ಜಿನುಗಿ, ಹನಿಯಾಗಿ, ಬೀಳಲೋ ಬೇಡವೋ ಅನ್ನುವಂತೆ ನೇತಾಡುತ್ತಿತ್ತು.

"ರೀ, ಆರಿಸಿಬಿಡಿ."

"ಎಂಭತ್ತಕ್ಕೆ ಅದೇ ಆರುತ್ತೆ."

"ಒಳಗೆ ನೂರಾಗ್ತಿದೆ ಕಣ್ರೀ."

"ಪ್ಯಾನೆಲ್ ನೋಡು, ಅರವತ್ತಾರು! ಸೆನ್ಸರ್ ಸುಳ್ಳು ಹೇಳುತ್ತಾ? ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನನಗೆ ಹೇಳ್ಕೊಡ್ಬೇಡ." ಹಾಗೆ ಅಂದರೂ ಅವನ ಬಲಗೈ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಮೇಲೆ ಹೋಗಿ ಕೂತಿತ್ತು. ಒತ್ತಲಿಲ್ಲ. ಒತ್ತಿದರೆ ತನ್ನ ಕೈಯಾರೆ ಆರಿಸಿದಂತೆ. ತಾನಾಗಿಯೇ ಆರಬೇಕು, ಆರಿದ್ದನ್ನು ಮನೆಮಂದಿ ನೋಡಬೇಕು. ಅವನಿಗೆ ಬೇಕಾದದ್ದು ಅದು.

"ನೂರು," ಅಂದಳು ಮಗಳು.

ಹಿತ್ತಲ ಬಾಗಿಲು ಗಾಳಿಗೆ ದಡಾರನೆ ಬಡಿಯಿತು. ಅವಳು ಮತ್ತೊಮ್ಮೆ ಗಾಜಿನೊಳಗೆ ನೋಡಿದಳು. ಗಾಳಿಕಿಂಡಿಯನ್ನು ನೋಡಿದಳು, ಅದರ ಪಕ್ಕದ ಡಬ್ಬಿಯನ್ನು ನೋಡಿದಳು. ಕಿಂಡಿಯ ಅಂಚಿಗೆ ಸಿಕ್ಕಿಕೊಂಡ ಮರದ ಸಣ್ಣ ಎಳೆಯೊಂದು ಡಬ್ಬಿಯ ಕಡೆಗೇ ಬಾಗಿ ಪಟಪಟ ಅಲ್ಲಾಡುತ್ತಿತ್ತು.

ಹೋದ ವರ್ಷ ಮಗಳಿಗೆ ಜ್ವರ ಬಂದಾಗ ಗಂಡ ಕೆಲಸದಿಂದ ಬಂದವನೇ ಹಣೆ ಮುಟ್ಟಿ, "ತಣ್ಣಗಿದೆಯಲ್ಲೇ, ಜ್ವರ ಎಲ್ಲಿ?" ಅಂದಿದ್ದ. ಅವಳು ಆಗಷ್ಟೇ ಹಣೆಯಿಂದ ಒದ್ದೆಬಟ್ಟೆ ತೆಗೆದಿದ್ದಳು. ಮೈ ಕೆಂಡವಾಗಿತ್ತು. ಅವತ್ತು ಇಬ್ಬರೂ ನಕ್ಕಿದ್ದರು.

"ರೀ, ಆ ಡಬ್ಬಿಗೆ ಗಾಳಿ ಹೊಡೀತಿದೆ."

"ಏನು?"

"ಹೊರಗಿನ ತಣ್ಣನೆ ಗಾಳಿ. ನೇರ ಅದರ ಮೇಲೇ ಬೀಳ್ತಿದೆ. ಅದಕ್ಕೆ ಕೋಣೆ ಶೆಕೆ ಗೊತ್ತೇ ಆಗ್ತಿಲ್ಲ."

ಅವನು ತಿರುಗಿ ಅವಳನ್ನು ನೋಡಿದ. ಆ ನೋಟ ಅವಳು ಬಯಸಿದ್ದಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹೋಗಿ ಮುಚ್ಚಿ ನೋಡು ಹಾಗಾದ್ರೆ," ಅಂದ ಮೆಲ್ಲಗೆ. "ಏನೂ ಆಗಲ್ಲ. ಮುಚ್ಚಿ ನೋಡು."

ಅವಳು ಹಿತ್ತಲಿಗೆ ಓಡಿದಳು. ಬಕೆಟ್ಟಿನಿಂದ ಒಂದು ಒದ್ದೆ ಟವೆಲ್ ಎಳೆದು ಉಂಡೆ ಮಾಡಿದಳು. ಗಾಳಿಕಿಂಡಿಯ ಹೊರಬಾಯಿ ಅವಳ ತಲೆಯ ಎತ್ತರಕ್ಕಿತ್ತು. ಅದಕ್ಕೆ ಬಟ್ಟೆ ಒತ್ತಿ ಹಿಡಿದಳು. ನೀರು ತೋಳಿನ ಗುಂಟ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು.

ಒತ್ತಿ ಹಿಡಿದ ಮೇಲೆ ಅವಳಿಗೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಏನೂ ಆಗದಿದ್ದರೆ ತನ್ನ ಮಾತು ಸುಳ್ಳು, ಅವನು ಸರಿ, ಟವೆಲ್ಲಿನ ಕತೆ ನಿಜವಿದ್ದರೂ ಇರಬಹುದು. ಹೀಟರ್ ಆರಿತೋ, ಅಲ್ಲಿ ಹಾಕಿದ ಹಾಗೇ ಇಲ್ಲೂ ಹಾಕಿದ್ದೇನೆಂದು ಅವನೇ ಸಾರಿ ಸಾರಿ ಹೇಳಿದ್ದಾನೆ. ಆರದಿರಲಿ ಅಂದುಕೊಂಡಳು. ಒಳಗೆ ಹಲಗೆ ಕಾಯುತ್ತಿದೆ, ಬಾಗಿಲಲ್ಲಿ ಮಗಳಿದ್ದಾಳೆ, ಆದರೂ ಮನಸ್ಸು ಅದನ್ನೇ ಬೇಡಿತು. ಆರದಿರಲಿ, ದೇವರೇ.

"ಅಮ್ಮಾ!" ಬಚ್ಚಲ ಕಿಟಕಿಯಿಂದ ಮಗಳ ಕೂಗು. "ಅಪ್ಪನ ನಂಬರ್ ಓಡ್ತಿದೆ! ಎಪ್ಪತ್ತು! ಎಪ್ಪತ್ನಾಲ್ಕು!"

ಅವಳು ಟವೆಲ್ ಇನ್ನಷ್ಟು ಒತ್ತಿದಳು.

"ಎಪ್ಪತ್ತೆಂಟು!"

ಗೋಡೆಯ ಆಚೆ ಟಕ್ ಅಂದಿತು. ಸಣ್ಣ ಸದ್ದು.

ಅವಳು ಒಳಗೆ ಬರುವಾಗ ಗಂಡ ದೊಡ್ಡ ಸ್ವಿಚ್ಚನ್ನೂ ಆರಿಸಿ, ಬಾಗಿಲನ್ನು ಅಗಲಕ್ಕೆ ತೆಗೆದಿಟ್ಟಿದ್ದ. ಕೋಣೆಯ ಬಿಸಿ ಹಜಾರಕ್ಕೆ ನುಗ್ಗುತ್ತಿತ್ತು. ಅವನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ.

"ಆರಿತಲ್ಲ, ಇನ್ನೇನು?" ಅಂದರು ಅತ್ತೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತ. "ಅದು ಆರೋದು ತಾನೇ ಬೇಕಾಗಿದ್ದು? ಯಾರಾದ್ರೂ ಬಾಯಿ ಬಿಡ್ರಪ್ಪ."

ಅವನು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಎದ್ದ. ಕೆಲಸದ ಚೀಲ ಹತ್ತಿರ ಎಳೆದು ಸ್ಕ್ರೂಡ್ರೈವರ್ ಹುಡುಕಿದ. ಹುಡುಕುತ್ತಲೇ ಮಾತಾಡಿದ. ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ಕೋಣೆ ಸ್ವಲ್ಪ ತಣ್ಣಗಾಗ್ಲಿ. ಡಬ್ಬೀನ ಈ ಕಡೆ ಗೋಡೆಗೆ ಹಾಕ್ತೀನಿ, ಕಿಂಡಿಯಿಂದ ದೂರ. ಹಳೇ ತೂತಿಗೆ ಮರದ ಪುಡಿಗೆ ಅಂಟು ಕಲಸಿ ತುಂಬಿ ಉಜ್ಜಿಬಿಟ್ರೆ ಯಾರಪ್ಪನಿಗೂ ಗೊತ್ತಾಗಲ್ಲ. ನಾಳೆ ಅವನು ಬರೋ ಹೊತ್ತಿಗೆ ಎಲ್ಲ ಸರಿ ಇರುತ್ತೆ. ಅಲ್ಲಂತೂ ಎಲ್ಲಾ ಬೂದಿ, ಡಬ್ಬಿ ಎಲ್ಲಿತ್ತು ಅಂತ ಯಾರು ಹೇಳ್ತಾರೆ? ಉಳಿದ ಮನೆಗಳಿಗೆ ಸರ್ವಿಸ್ ಅಂತ ಹೇಳಿ ಒಂದೊಂದಾಗಿ ಹೋಗಿ ಸರಿಸಿಬಿಡ್ತೀನಿ. ಮುಗೀತಲ್ಲ?"

ಉಳಿದ ಮನೆಗಳು. ಆ ಮಾತು ಅವಳ ಎದೆಯಲ್ಲಿ ಕೂತಿತು. ಯಾವ ಮನೆಗಳು, ಎಷ್ಟು, ಅಲ್ಲಿ ಇವತ್ತು ಸಂಜೆ ಯಾರು ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕೂರುತ್ತಾರೆ? ಕೇಳಬೇಕಿತ್ತು. ಅವನ ಕಣ್ಣಂಚು ಕೆಂಪಾಗಿದ್ದದ್ದು ಕಂಡು ಕೇಳಲಾಗಲಿಲ್ಲ.

"ಹೂಂ, ಹಾಗೇ ಮಾಡು ಮಗಾ," ಅಂದರು ಅತ್ತೆ. "ಮನೆ ಮಾತು ಮನೇಲಿರ್ಲಿ."

"ಆ ಮರದ ಪುಡಿ ಬಟ್ಟಲು ಕೊಡೇ," ಅಂದ ಅವನು.

ಹಲಗೆ ಕೊರೆದಾಗ ಉದುರಿದ ಪುಡಿ ತುಂಬಿಟ್ಟ ಬಟ್ಟಲು ಕಿಟಕಿಯ ಕಟ್ಟೆಯ ಮೇಲಿತ್ತು. ಅವಳು ಅದನ್ನು ತೆಗೆದುಕೊಂಡಳು. ಒದ್ದೆ ಕೈಗೆ ಪುಡಿ ಮೆತ್ತಿಕೊಂಡಿತು. ಕೊಡಬಾರದು ಅಂದುಕೊಳ್ಳುತ್ತಲೇ ಅವಳ ಕೈ ಗಂಡನ ಕಡೆಗೆ ಚಾಚಿತು. ಅವನೂ ಕೈ ನೀಡಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಬಾಗಿಲ ಬಳಿ ಇದ್ದ ಮಗಳು ಬಂದು ಇಬ್ಬರ ನಡುವೆ ನಿಂತಳು. ಗಾಜಿಗೆ ಒತ್ತಿದ ಮೂಗು ಇನ್ನೂ ಕೆಂಪಾಗಿತ್ತು. ಅವಳು ಅಮ್ಮನ ಮುಖ ನೋಡಿದಳು, ಎಂದಿನಂತೆ ಅಮ್ಮನನ್ನೇ ಕೇಳುವವಳ ಹಾಗೆ. ತಾಯಿ ಕಣ್ಣು ತಗ್ಗಿಸಿದಳು. ಆಗ ಮಗಳು ಅಪ್ಪನ ಕಡೆಗೆ ತಿರುಗಿ, ಅವನ ಅಂಗಿಯ ತುದಿ ಹಿಡಿದುಕೊಂಡು, ಕೇಳಿಯೇ ಬಿಟ್ಟಳು:

"ಅಪ್ಪಾ, ಆ ಅಜ್ಜಿ ಕೈ ಸುಟ್ಟಿದ್ದು ನಮ್ಮಿಂದಾನಾ?"