ಆರೂವರೆ ಬಸ್ಸಿನ ಕವರು

ಚಂದ್ರಹಾಸ ಪತ್ರಿಕಾ ಕಚೇರಿಯ ಫೈಲಿನಲ್ಲಿದ್ದ ಹಳೆಯ ಪುಟಕ್ಕೆ ಬ್ಲೇಡು ಹಾಕಿ ಅರ್ಧ ಕೊಯ್ದಿದ್ದ, ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಒಳಗೆ ಬಂದ ಹೆಂಗಸಿನ ಕೈಯಲ್ಲಿ ಅದೇ ಪುಟವಿತ್ತು, ನಾಲ್ಕು ಮಡಿಕೆಯಾಗಿ.

ಆಕೆ ಕರಿಬಸಮ್ಮ, ಬಾಕ್ಸರ್ ಯೋಗರಾಜನ ತಾಯಿ. ಮಗ ಸತ್ತು ಹದಿನೈದು ದಿನವಾಗಿತ್ತು.

ಭದ್ರಾವತಿಯ ಸುದ್ದಿ ಶಿವಮೊಗ್ಗದ ಈ ಪತ್ರಿಕೆಗೆ ಬರುತ್ತಿದ್ದುದು ಬಸ್ಸಿನಲ್ಲಿ. ಆರೂವರೆಯ ಬಸ್ಸಿನ ಡ್ರೈವರ್ ಕೈಗೆ ಕವರು ಸೇರಿದರೆ ಸರಿ, ತಪ್ಪಿದರೆ ಸುದ್ದಿ ಹಳಸಿತು. ಬಾಕ್ಸಿಂಗ್ ಫೈನಲ್ ಪಂದ್ಯ ಮಾತ್ರ ಶುರುವಾಗುವುದೇ ಏಳಕ್ಕೆ. ಹಾಗಾಗಿ ಗೆಲ್ಲುವ ಕುದುರೆಯನ್ನು ಮೊದಲೇ ಗೆಲ್ಲಿಸಿ ಬರೆದು ಕಳಿಸುವುದು, ಉಲ್ಟಾ ಆದರೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ತಿದ್ದಿಸುವುದು. ಭದ್ರಾವತಿಯ ವರದಿಗಾರನಾಗಿ ಚಂದ್ರಹಾಸ ಎಂಟು ವರ್ಷ ಹೀಗೇ ನಡೆಸಿದ್ದ. ಅಷ್ಟರಲ್ಲಿ ಮೂರೇ ಸಲ ಫೋನ್ ಮಾಡಬೇಕಾಗಿತ್ತು. ಯೋಗರಾಜ್ ಸೋಲುತ್ತಾನೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಆ ದಿನ ಚಂದ್ರಹಾಸ ಕವರು ಕೊಟ್ಟವನು ಪಂದ್ಯ ನೋಡದೆ ನೇರ ಮನೆಗೆ ಹೋಗಿಬಿಟ್ಟ.

ಮರುದಿನ ಪತ್ರಿಕೆಯಲ್ಲಿ ಯೋಗರಾಜ್ ಮೂರು ಸುತ್ತೂ ಮೇಲುಗೈ ಸಾಧಿಸಿ, ಮೈಮೇಲೆ ಒಂದು ಗೀರಿಲ್ಲದೆ, ನಗುತ್ತ ರಿಂಗಿನಿಂದ ಇಳಿದಿದ್ದ. ಆ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಎರಡನೇ ಸುತ್ತಿನಲ್ಲಿ ಎರಡು ಸಲ ಬಿದ್ದವನನ್ನು ಅವನ ಬಾಕ್ಸಿಂಗ್ ಕ್ಲಬ್ಬಿನವರು ಎಬ್ಬಿಸಿ ಮೂರನೆಯದಕ್ಕೆ ತಳ್ಳಿದ್ದರು. ಮೂರು ದಿನಕ್ಕೆ ಹೋದ. ಮನೆಯ ಬಚ್ಚಲಲ್ಲಿ ಜಾರಿ ಬಿದ್ದನೆಂದು ಹೇಳಿದ ಕ್ಲಬ್ಬಿನವರು ಪೊಲೀಸರ ಮುಂದೆ ಹಿಡಿದದ್ದು ಈ ಪತ್ರಿಕೆಯನ್ನೇ.

ಕರಿಬಸಮ್ಮ ಇದನ್ನೆಲ್ಲ ಅಳದೆ ಹೇಳಿದಳು. ಪೇಪರಿನವರೇ ಗೆದ್ದ ಅಂತ ಬರೆದ ಮೇಲೆ ದೂರು ಹೇಗೆ ತೆಗೆದುಕೊಳ್ಳಲಿ ಅಂದರಂತೆ ಠಾಣೆಯಲ್ಲಿ.

"ನೀವು ಎಲ್ಲಿ ಕೂತ್ಕೊಂಡು ನೋಡಿದ್ರಿ ಸ್ವಾಮಿ?" ಎಂದು ಪುಟ ಬಿಡಿಸಿ ಕೇಳಿದಳು. "ನಾನು ರಿಂಗಿನ ಪಕ್ಕದಲ್ಲೇ ಇದ್ದೆ. ಅವನು ನಕ್ಕಿದ್ದು ನಂಗೆ ಕಾಣಲಿಲ್ಲ."

ಚಂದ್ರಹಾಸ ಬ್ಲೇಡನ್ನು ಫೈಲಿನ ಕೆಳಗೆ ಸರಿಸಿದ. ಸಂಪಾದಕರು ಬೆಳಿಗ್ಗೆಯೇ ಹೇಳಿದ್ದರು: ತಪ್ಪಾಯಿತೆಂದು ಅಚ್ಚು ಹಾಕಿದರೆ ಎಂಟು ವರ್ಷದ್ದನ್ನೂ ಜನ ಕೆದಕುತ್ತಾರೆ, ನಿನ್ನ ಕೆಲಸವೂ ಉಳಿಯುವುದಿಲ್ಲ, ಬೇಕಿದ್ದರೆ ಒಂದು ಶ್ರದ್ಧಾಂಜಲಿ ಬರಿ.

"ಭಾನುವಾರ ಅರ್ಧ ಪುಟ ಬರೀತೀನಮ್ಮ," ಎಂದ. "ದೊಡ್ಡ ಫೋಟೋ ಹಾಕಿ. ಕೊನೇ ಪಂದ್ಯಾನೂ ಗೆದ್ದೇ ಹೋದ ಅಂತ."

"ಸೋತ ಅಂತ ಬರೀರಿ. ಎರಡು ಸಲ ಬಿದ್ದ, ಎಬ್ಬಿಸಿ ತಳ್ಳಿದ್ರು ಅಂತ ಬರೀರಿ."

ಅದು ತನ್ನ ಕೈಯಲ್ಲಿಲ್ಲ ಎಂದ. ಫೋಟೋ ಕೊಟ್ಟರೆ ಇವತ್ತೇ ಅಚ್ಚಿಗೆ ಬ್ಲಾಕ್ ಮಾಡಿಸುತ್ತೇನೆ ಎಂದ. ಕರಿಬಸಮ್ಮ ಪುಟವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು.

"ಫೋಟೋ ಕೊಡಲ್ಲ," ಅಂದಳು.