ಬಿಸಿಗಾಳಿಯ ಕೊಳವೆ

ಅಂಬಾದಾಸರಾಯರಿಗೆ ಮರೆವಿನ ಕಾಯಿಲೆ ಇರಲಿಲ್ಲ. ಅದು ಗೊತ್ತಿದ್ದವನು ಇಡೀ ಪುಣೆಯಲ್ಲಿ ನಾನೊಬ್ಬನೇ. ಗೊತ್ತಿದ್ದೂ ನಾಲ್ಕು ತಿಂಗಳು ಸುಮ್ಮನಿದ್ದೆ. ಬೆಳಗ್ಗೆ ಗ್ಯಾರೇಜಿನ ಶಟರ್ ಎತ್ತುತ್ತಿದ್ದೆ, ಸಂಜೆ ಇಳಿಸುತ್ತಿದ್ದೆ, ನಡುವೆ ಊಟ ಮಾಡುತ್ತಿದ್ದೆ. ಇಂಥ ಪಾಪ ಮಾಡಿದವರಿಗೆ ನಿದ್ದೆ ಬರುವುದಿಲ್ಲ ಅಂತಾರೆ. ಸುಳ್ಳು. ನನಗೆ ಚೆನ್ನಾಗಿಯೇ ಬರುತ್ತಿತ್ತು. ಎದೆಯೊಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ.

ನನ್ನ ಹೆಸರು ಮಲಕಪ್ಪ. ಆಳಂದದ ಕಡೆಯಿಂದ ಕಲ್ಲು ಹೊರಲು ಪುಣೆಗೆ ಬಂದ ಅಪ್ಪನ ಮಗ. ನಾನು ಕಲ್ಲು ಬಿಟ್ಟು ಬೋಲ್ಟ್ ತಿರುಗಿಸುವ ಪಾನಾ ಹಿಡಿದೆ. ಹಡಪಸರದಲ್ಲಿ ಮೂವತ್ತೈದು ವರ್ಷದಿಂದ ಹಳೆಯ ವಿದೇಶಿ ಕಾರುಗಳನ್ನು ರಿಪೇರಿ ಮಾಡುತ್ತಿದ್ದೇನೆ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಜನ ಹೊಗಳುತ್ತಾರೆ. ಹೊಗಳಿಕೆಗೆ ಉಬ್ಬದವನು ನಾನಲ್ಲ.

ಅಂಬಾದಾಸರಾಯರು ವಿಜಯಪುರದ ಕಡೆಯವರು, ಇರುವುದು ಸದಾಶಿವ ಪೇಠದ ಮೂರನೇ ಮಹಡಿಯಲ್ಲಿ. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದರು. ತರುಣರಿದ್ದಾಗ ಗ್ಲೈಡರ್ ಹಾರಿಸಲು ಕಲಿತಿದ್ದರಂತೆ. ರಿಟೈರಾದ ಮೇಲೆ ಬೇರೆಯವರು ಪುರಾಣ ಕೇಳಲು ಹೋಗುತ್ತಾರೆ, ಇವರು ಒಬ್ಬರೇ ಕೂರುವ ವಿಮಾನ ಕಟ್ಟಲು ಕೂತರು. ವಿಮಾನದ ಹೊಸ ಇಂಜಿನ್ ನಮ್ಮಂಥವರ ಕೈಗೆ ಎಟುಕುವುದಲ್ಲ. ಹಳೆಯ ಬೀಟಲ್ ಕಾರಿನದು ಇದಕ್ಕೆ ಹೇಳಿ ಮಾಡಿಸಿದ್ದು: ಹಗುರ, ನೀರು ಬೇಡ, ಗಾಳಿಯಿಂದಲೇ ತಣ್ಣಗಾಗುತ್ತದೆ. ಅಂಥದೊಂದು ನನ್ನಲ್ಲಿ ಮೂಲೆಗೆ ಬಿದ್ದಿತ್ತು, ೧೯೬೭ರದ್ದು.

"ರೆಕ್ಕಿ, ಬಾಲಾ ನಂದು. ಇಂಜಿನ್ ನಿಮ್ದು. ಅದರಾಗ ನಾ ಕೈ ಹಾಕಂಗಿಲ್ಲ" ಅಂದರು.

ಐದು ವರ್ಷ ಹಿಡಿಯಿತು. ಪ್ರತಿ ಬೋಲ್ಟನ್ನು ಅವರು ಮೂರು ಸಲ ಮುಟ್ಟಿ ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. "ರಾಯರ, ವೈನಿ ಮಾಡಿದ ಚಪಾತಿನೂ ಹಿಂಗ ತಿರುವಿ ಮುರುವಿ ನೋಡತೀರೇನ್ರಿ?" ಎಂದು ಕೇಳಿದರೆ, "ಚಪಾತಿ ಮ್ಯಾಲಿಂದ ಬೀಳಂಗಿಲ್ಲ, ಮಲಕಪ್ಪ" ಅನ್ನುತ್ತಿದ್ದರು. ಆ ಐದು ವರ್ಷ ನಾನು ಸುಖವಾಗಿದ್ದೆ. ಆಗ ಅದು ಸುಖ ಅಂತ ತಿಳಿಯಲಿಲ್ಲ.

ಜುಲೈ ಹನ್ನೊಂದರ ಬೆಳಗ್ಗೆ, ರಾತ್ರಿಯ ಮಳೆ ನಿಂತ ಮೇಲೆ, ಭೋರ್ ಊರಿನ ಹತ್ತಿರದ ಒಂದು ಖಾಸಗಿ ಮೈದಾನದಿಂದ ಹಾರಿದರು. ಹತ್ತು ನಿಮಿಷ ಚೆನ್ನಾಗಿತ್ತು. ಇಂಜಿನ್ನಿನ ವೇಗ ತಗ್ಗಿಸಿ ಇಳಿಯಲು ಸುತ್ತು ಹಾಕುವಾಗ ಸದ್ದು ನಿಂತಿತು. ವಿಮಾನ ಭತ್ತದ ಗದ್ದೆಗೆ ಬಿತ್ತು. ಕೆಸರೇ ಅವರ ಜೀವ ಉಳಿಸಿತು. ಸೊಂಟದ ಎಲುಬು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಕೊನೆಯ ಎರಡು ನಿಮಿಷ ಅವರ ನೆನಪಿನಿಂದ ಅಳಿಸಿಹೋಗಿತ್ತು.

ವಿಚಾರಣೆಗೆ ಇಬ್ಬರು ಬಂದರು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಇಂಜಿನ್ ತಿರುಗಿಸಿದರೆ ಮೊದಲ ಸಲಕ್ಕೇ ಚಾಲೂ ಆಯಿತು. ಆದರೆ ಪೆಟ್ರೋಲಿನ ನಲ್ಲಿ ಬಂದ್ ಆಗಿತ್ತು. ಇಂಜಿನ್ ನಿಂತ ಮೇಲೆ, ಬಿದ್ದಾಗ ಬೆಂಕಿ ಹತ್ತಬಾರದೆಂದು ನಲ್ಲಿ ಬಂದ್ ಮಾಡುವುದು ನಿಯಮ. ರಾಯರು ನಿಯಮ ಪಾಲಿಸಿದ್ದರು. ಬಂದವರು ಅದನ್ನು ತಿರುಗಿಸಿ ಓದಿದರು: ಅರವತ್ತೆಂಟರ ಮುದುಕ ಹಾರುತ್ತಿರುವಾಗಲೇ ಮರೆತು ನಲ್ಲಿ ಮುಚ್ಚಿದ್ದಾನೆ, ಅದಕ್ಕೇ ಇಂಜಿನ್ ನಿಂತಿದೆ. ನನ್ನ ಬೆನ್ನು ತಟ್ಟಿ, ಇಂಜಿನ್ ನನ್ನ ಗ್ಯಾರೇಜಿಗೇ ಕಳಿಸಿಕೊಟ್ಟರು.

ಆಗಸ್ಟಿನ ಒಂದು ಮೋಡದ ಬೆಳಗ್ಗೆ ಅದನ್ನು ಸ್ಟ್ಯಾಂಡಿಗೆ ಕಟ್ಟಿ ಚಾಲೂ ಮಾಡಿದೆ. ಸಣ್ಣ ವೇಗದಲ್ಲಿ ಬಿಟ್ಟು ಚಹಾ ತರಿಸಿದೆ. ಹತ್ತು ನಿಮಿಷಕ್ಕೆ ಇಂಜಿನ್ ಕೆಮ್ಮಿತು, ನಡುಗಿತು, ನಿಂತಿತು. ಗಾಳಿ, ಪೆಟ್ರೋಲ್ ಬೆರೆಯುವ ಕಾರ್ಬ್ಯುರೇಟರ್ ಮುಟ್ಟಿದರೆ ಕೈ ಕೊರೆಯಿತು. ಅದರ ಬಾಯಿ ಬಿಚ್ಚಿ ನೋಡಿದೆ. ಒಳಗೆ ಬಿಳಿ ಮಂಜುಗಡ್ಡೆ. ನಾನು ನೋಡುತ್ತಿದ್ದಂತೆಯೇ ಕರಗಿತು. ಬಟ್ಟೆಯಿಂದ ಒರೆಸಿ ಮತ್ತೆ ತಿರುಗಿಸಿದೆ. ಮೊದಲ ಸಲಕ್ಕೇ ಚಾಲೂ ಆಯಿತು.

ಇಂಜೆಕ್ಷನ್ನಿಗೆ ಮೊದಲು ನರ್ಸ್ ಸ್ಪಿರಿಟ್ ಹಚ್ಚಿದರೆ ತೋಳು ತಣ್ಣಗಾಗುತ್ತದಲ್ಲ, ಪೆಟ್ರೋಲ್ ಆವಿಯಾಗುವಾಗಲೂ ಹಾಗೆಯೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತೇವವೇ ಒಳಗೆ ಗಡ್ಡೆಯಾಗಿ ಇಂಜಿನ್ನಿನ ಉಸಿರು ಕಟ್ಟಿಸುತ್ತದೆ. ಅದಕ್ಕೆ ಹೊರಗೆ ಚಳಿಯೇ ಇರಬೇಕೆಂದಿಲ್ಲ. ಹಾಗಾಗಬಾರದೆಂದೇ ಆ ಇಂಜಿನ್ನಿಗೆ ಬಿಸಿಗಾಳಿ ಎಳೆದುಕೊಡುವ ಒಂದು ಕೊಳವೆ ಇರುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ವಿದೇಶಿ ಕಾರು ಬಂದ ದಿನವೇ ಅದನ್ನು ಕಿತ್ತು ಎಸೆಯುತ್ತೇವೆ. ಪುಣೆಯಲ್ಲಿ ಹಿಮ ಬೀಳುತ್ತದೆಯೇ? ನನ್ನ ಉಸ್ತಾದ್ ಎಸೆಯುತ್ತಿದ್ದ, ನಾನೂ ಎಸೆದೆ. ಈ ಇಂಜಿನ್ನಿನದನ್ನೂ. ರಾಯರಿಗೆ ಹೇಳಲೂ ಇಲ್ಲ. ಹೇಳುವಂಥ ವಿಷಯ ಅನ್ನಿಸಿರಲಿಲ್ಲ.

ತಿಳಿದ ದಿನವೇ ಹೋಗಿ ಹೇಳಬೇಕಿತ್ತು. ಸ್ಕೂಟರ್ ಹೊರಗೆ ತೆಗೆದೆ ಕೂಡ. ಯಾರೋ ಒಂದು ಜೀಪು ತಂದರು, ಅದರ ಕೆಳಗೆ ಮಲಗಿದೆ. ಮರುದಿನ ಇನ್ನೊಂದು ಬಂತು. ಹೇಳಿದರೆ ಮೂವತ್ತೈದು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗುತ್ತಿತ್ತು.

ಅಲ್ಲಿ ರಾಯರು ದಿನದಿನಕ್ಕೆ ತಮ್ಮನ್ನು ತಾವೇ ನಂಬದವರಾದರು. ಸೊಂಟ ಕೂಡಿತು, ಆದರೆ ಸ್ಕೂಟರ್ ಮಾರಿಬಿಟ್ಟರು. ನಕ್ಷೆಯ ಹಲಗೆ ಅಟ್ಟ ಸೇರಿತು. ಒಬ್ಬರೇ ಹಾಲಿಗೆ ಹೋಗುವುದನ್ನೂ ಬಿಟ್ಟರು. ವರದಿ ಓದಿದ ಡಾಕ್ಟರು ಮರೆವಿಗೆಂದು ಗುಳಿಗೆ ಬರೆದುಕೊಟ್ಟರು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿದ್ದವರು ಅವರು.

ಡಿಸೆಂಬರಿನಲ್ಲಿ ಒಂದು ದಿನ ಮಾತಾಡಿಸಲು ಹೋದಾಗ ಬಾಗಿಲು ತೆರೆದವರು ಅವರೇ. ನನ್ನನ್ನು ನೋಡಿ, ಒಳಗೆ ತಿರುಗಿ, "ಸುಮಂಗಲಾ, ಇವರು ಮಲಕಪ್ಪ ಹೌದಲ್ಲ?" ಎಂದು ಹೆಂಡತಿಯನ್ನು ಕೇಳಿದರು. ನನ್ನ ಗುರುತು ಅವರಿಗೆ ಸಿಕ್ಕಿತ್ತು. ಸಿಕ್ಕಿದ್ದು ಸರಿಯೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ನಾನು ಕೂತು ಎಲ್ಲ ಹೇಳಿದೆ. ಮಂಜುಗಡ್ಡೆ, ಕೊಳವೆ, ಆಗಸ್ಟ್ ತಿಂಗಳು. ಹೇಳುವಾಗ ದನಿಯೂ ನಡುಗಲಿಲ್ಲ. ಬೇರೆ ಯಾರದೋ ಕಾರಿನ ಬಗ್ಗೆ ಹೇಳುವಂತೆ ಹೇಳಿದೆ.

ರಾಯರು ನಕ್ಕರು. "ಮಲಕಪ್ಪ, ನಿಮ್ಮದು ಭಾಳ ದೊಡ್ಡ ಮನಸ್ಸು. ನಂಗ ಸಮಾಧಾನ ಆಗ್ಲಿ ಅಂತ ತಪ್ಪ ನಿಮ್ಮ ಮ್ಯಾಲ ಹಾಕ್ಕೋಳಾಕ ಹತ್ತೀರಿ. ನಲ್ಲಿ ಬಂದ್ ಇತ್ತಲ್ರಿ. ಬಂದ್ ಮಾಡಿದಾಂವ ನಾನs."

"ಇಂಜಿನ್ ನಿಂತ ಮ್ಯಾಲ ಮಾಡೀರಿ, ರಾಯರ. ಮಾಡಬೇಕಾದ್ದನ್ನs ಮಾಡೀರಿ."

"ಇರ್ಲಿ ಬಿಡ್ರಿ. ಚಹಾ ತಗೋರಿ."

ನಾನು ಹೊರಟಾಗ ಸುಮಂಗಲಾ ವೈನಿ ಮೆಟ್ಟಿಲವರೆಗೆ ಬಂದರು. ಬಾಗಿಲು ಎಳೆದುಕೊಂಡು, "ಖರೇನ?" ಅಂದರು.

"ಖರೇ ರೀ, ವೈನಿ."

"ಆಗಸ್ಟಿನಿಂದ ಮುಂಜಾನಿಗೊಂದು, ರಾತ್ರಿಗೊಂದು ಗುಳಿಗಿ ಅವರ ಕೈಯಾಗ ಇಟ್ಟಾಕಿ ನಾನು. ಬ್ಯಾಡಾ ಅಂದ್ರ ಬೈದೀನಿ." ಅವರ ಕಣ್ಣಲ್ಲಿ ನೀರಿರಲಿಲ್ಲ. "ನಿಮಗ ಏನ್ ಅನ್ನಬೇಕೋ ತಿಳೀವಲ್ದು. ಇಷ್ಟ ಮಾಡ್ರಿ. ಅವರು ನಂಬೂ ತನಕಾ ದಿನಾ ಬರ್ರಿ. ದಿನಾ ಹೇಳ್ರಿ. ಒಂದ ದಿನಾನೂ ತಪ್ಪಸಬ್ಯಾಡ್ರಿ."

ದಿನಾ ಹೋದೆ. ಸಂಜೆ ಆರಕ್ಕೆ ಹಡಪಸರದಿಂದ ಆ ಗದ್ದಲದಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗಿ, ಮೂರು ಮಹಡಿ ಹತ್ತಿ, ಅದನ್ನೇ ಹೇಳುತ್ತಿದ್ದೆ. ಅವರು ಅದನ್ನೇ ಹೇಳುತ್ತಿದ್ದರು. ವೈನಿ ಗುಳಿಗೆ ಎತ್ತಿಟ್ಟು, ಬೇರೆ ಡಾಕ್ಟರನ್ನು ಹುಡುಕತೊಡಗಿದರು. ನನಗೆ ಚಹಾ ತರುವಾಗ ಮುಖ ನೋಡುತ್ತಿರಲಿಲ್ಲ. ನಾನು ಕುಡಿದು ಬರುತ್ತಿದ್ದೆ. ನಾಚಿಕೆಯೂ ಅನ್ನಿಸುತ್ತಿರಲಿಲ್ಲ.

ಹನ್ನೆರಡನೆಯ ದಿನ ನಾನು ಹೇಳಿ ಮುಗಿಸಿದಾಗ ರಾಯರು ನಗಲಿಲ್ಲ. "ಹಂಗಿದ್ರ ಕಾರಿನ್ಯಾಗ ಯಾಕ ಆಗಂಗಿಲ್ಲ?" ಎಂದು ಕೇಳಿದರು. ಐದು ವರ್ಷ ನನ್ನ ಗ್ಯಾರೇಜಿನಲ್ಲಿ ಕೇಳಿದ್ದ ದನಿ ಅದು.

"ಕಾರಿನ್ಯಾಗೂ ಒಮ್ಮೊಮ್ಮೆ ಆಗಿರಬೇಕ್ರಿ. ಕಾರು ನಿಂತ್ರ ರೋಡಿನ ದಂಡಿಗೆ ಹಚ್ಚಿ ಚಹಾ ಕುಡೀತೇವಿ. ಅಷ್ಟರಾಗ ಕರಗಿರತದ. ಮತ್ತ ಚಾಲೂ ಆಗತದ. ಕಸ ಬಂದಿತ್ತು ಅಂತ ನಾವ ಗಿರಾಕಿಗೆ ಹೇಳತೇವಿ."

ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮಳೆ, ಇಂಜಿನ್ ತಗ್ಗಿಸಿದ ಹೊತ್ತು, ಎತ್ತರ. ಆಮೇಲೆ ನನ್ನ ಮುಖ ನೋಡಿದರು.

"ಆಗಸ್ಟಿನ್ಯಾಗs ಗೊತ್ತಿತ್ತು?"

"ಹೌದ್ರಿ."

"ಮತ್ತ ಇಷ್ಟ ದಿನಾ?"

"ಅಂಜಿದೆ ರೀ."

ರಾಯರು ಕೋಲು ಊರಿ ಎದ್ದು ನಿಂತರು. ಮುಖ ಕೆಂಪಾಗಿತ್ತು. "ಹೊರಗ ನಡೀರಿ" ಅಂದರು. ನಾನು ಏಳುವುದು ತಡವಾಯಿತೇನೋ, "ನಡೀರಿ ಅಂದೆ!" ಎಂದು ಕೂಗಿದರು. ಆ ಮನೆಯಲ್ಲಿ ಐದು ತಿಂಗಳಿಂದ ಯಾರೂ ಕೂಗಿರಲಿಲ್ಲ. ವೈನಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಬಾಯಿಗೆ ಸೆರಗು ಒತ್ತಿ ಅಳುತ್ತಿದ್ದರು. ತಡೆಯಲಿಲ್ಲ.

ನಾಳೆಯಿಂದ ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ಹೊಸ್ತಿಲಲ್ಲಿ ಬರುತ್ತೇನೆ ಅನ್ನಲಾಗಲಿಲ್ಲ, ಹೋಗುತ್ತೇನೆ ಅನ್ನಲು ಬಾಯಿ ಬರಲಿಲ್ಲ. ಚಪ್ಪಲಿ ಮೆಟ್ಟಿ ಇಳಿದೆ.

ಎರಡನೇ ಮಹಡಿಯವರೆಗೂ ಅವರ ದನಿ ಕೇಳುತ್ತಿತ್ತು. ಗದ್ದೆಗೆ ಬಿದ್ದದ್ದು ಜುಲೈ ಹನ್ನೊಂದು, ಮೊದಲ ಗುಳಿಗೆ ಆಗಸ್ಟ್ ಇಪ್ಪತ್ತೆರಡು, ಸ್ಕೂಟರ್ ಮಾರಿದ್ದು ಸೆಪ್ಟೆಂಬರ್ ಒಂಬತ್ತು, ಮಲಕಪ್ಪ ನೋಡಲು ಬಂದು ಏನೂ ಹೇಳದೆ ಉಪ್ಪಿಟ್ಟು ತಿಂದು ಹೋದದ್ದು ದಸರೆಯ ಮರುದಿನ. ಹೆಂಡತಿಗೆ ಒಂದೊಂದನ್ನೇ ಎತ್ತಿ ಹೇಳಿ ನನ್ನನ್ನು ಬೈಯುತ್ತಿದ್ದರು. ಒಂದೂ ತಪ್ಪಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಅಳು ಬಂತು.