ಮೊದಲ ಬದಿಯ ಕೊನೆಯ ಹಾಡು

ಅಕ್ಕನಿಗೆ ಆ ಬ್ಯಾಂಡಿನ ಹುಚ್ಚು ಹಿಡಿದು ಇಪ್ಪತ್ತಮೂರು ವರ್ಷವಾಗಿತ್ತು. ತಂಗಿಗೆ ಅದು ಅಕ್ಕನಿಂದ ಅಂಟಿದ್ದು, ನೆಗಡಿ ಅಂಟುವ ಹಾಗೆ. ಈ ವ್ಯತ್ಯಾಸ ಲೋಕಕ್ಕೆಲ್ಲ ಗೊತ್ತಾಗಬೇಕೆಂದು ಅಕ್ಕನ ಹಟ. ಲೋಕ ಮಾತ್ರ ಅದನ್ನು ಕೇಳಿರಲಿಲ್ಲ.

ಅಕ್ಕನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಫ್ರೇಮಿಗೆ ಕೂರುವಂತೆ ಗಾಜಿನ ಅಂಚು ಉಜ್ಜುವ ಯಂತ್ರ ಕಿರ್ರೆಂದು ಕೂಗುವಾಗ ಅವಳೂ ಆ ಬ್ಯಾಂಡಿನ ಅಬ್ಬರದ ಪಂಕ್ ಹಾಡುಗಳನ್ನು ಗಂಟಲು ಹರಿಯುವಂತೆ ಕಿರುಚುತ್ತಿದ್ದಳು. ಯಂತ್ರ ನಿಂತ ಕೂಡಲೇ ಬಾಯಿಗೆ ಬೀಗ. ಮುಂದಿನ ಕೌಂಟರಿನವರ ಲೆಕ್ಕದಲ್ಲಿ ಅವಳು ಬಾಯಿಸತ್ತವಳು. ತಂಗಿ ಹಾಗಲ್ಲ. ಕೂಸಾಗಿದ್ದಾಗ ರಾಗ ಎಳೆದೆಳೆದು ಅತ್ತಿದ್ದಕ್ಕೆ ಅಪ್ಪ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ. ಈಗ ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ನಲವತ್ತು ಮಕ್ಕಳ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸುವ ಗಂಟಲು.

ಚಿಕ್ಕಂದಿನಲ್ಲಿ ಮನೆಯಲ್ಲಿ ಇದ್ದದ್ದು ಆ ಬ್ಯಾಂಡಿನ ಒಂದೇ ಕ್ಯಾಸೆಟ್ಟು, ಅಕ್ಕ ಗೆಳತಿಯ ಮನೆಯಲ್ಲಿ ಕೂತು ನಕಲು ಮಾಡಿಕೊಂಡು ಬಂದದ್ದು. ಮೊದಲ ಬದಿಯ ಕೊನೆಯ ಹಾಡು "ತಟ್ಟು, ತಟ್ಟು, ಇನ್ನೂ ಜೋರಾಗಿ ತಟ್ಟು" ಎನ್ನುವಷ್ಟರಲ್ಲಿ ಟೇಪು ಮುಗಿದು, ಗುಂಡಿ ಟಕ್ಕೆಂದು ಮೇಲೇಳುತ್ತಿತ್ತು. ಉಳಿದದ್ದನ್ನು ಅಕ್ಕ ತಾನೇ ಕಟ್ಟಿದಳು: ಬೀಗ ನಂದು, ಬಾಗಿಲು ನಂದು, ಒಳಗೆ ಬರ್ಬೇಕಾ, ನನ್ನ ಹೆಸರು ಕೂಗು. ಗುಂಡಿ ಟಕ್ಕೆಂದ ಮೇಲೆ ಇಬ್ಬರೂ ಮಂಚದ ಮೇಲೆ ಕುಣಿಯುತ್ತ ಅದನ್ನು ಕೂಗುತ್ತಿದ್ದರು. ಎಷ್ಟೋ ವರ್ಷದ ಮೇಲೆ ಪೂರ್ತಿ ಹಾಡು ಕೇಳಲು ಸಿಕ್ಕಿತು. ಅದರಲ್ಲಿ ಬೇರೆಯೇ ಮಾತುಗಳಿದ್ದವು. ಆದರೆ ನಾಲಿಗೆಗೆ ಹತ್ತಿದ್ದು ಹತ್ತಿಬಿಟ್ಟಿತ್ತು.

ಬ್ಯಾಂಡು ಕೊನೆಗೂ ಅವರ ಊರಿಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಮುಚ್ಚಿಹೋದ ಸೈಕಲ್ ಅಂಗಡಿಯ ಮಹಡಿಗೆ. ನೂರು ಜನ ನಿಂತರೆ ಉಸಿರಾಡಲು ಸರದಿ ಕಾಯಬೇಕು, ಅಷ್ಟು ಜಾಗ. ಅಕ್ಕ ಒಂದೇ ಒಂದು ಆಸೆ ಇಟ್ಟುಕೊಂಡು ಬಂದಿದ್ದಳು. ಗಾಯಕಿ ಒಂದು ಸಲ ತನ್ನ ಕಡೆ ನೋಡಬೇಕು, ನೋಡಿ ಇವಳು ನಮ್ಮವಳು ಎಂದುಕೊಳ್ಳಬೇಕು. ಅದಕ್ಕಾಗಿ ಕಪ್ಪು ಅಂಗಿಗೆ ಇಸ್ತ್ರಿ ಹಾಕಿದ್ದಳು. ಹರಿದ ಬಟ್ಟೆಯವರ ಪಂಕ್ ಕೇಳೋಕೆ ಇಸ್ತ್ರಿ ಯಾಕೆ ಎಂದು ತಂಗಿ ದಾರಿಯುದ್ದಕ್ಕೂ ನಕ್ಕಿದ್ದಳು.

ಹೊಟ್ಟೆಯುರಿ ಮೆಟ್ಟಿಲಲ್ಲೇ ಶುರುವಾಯಿತು. ಗಡ್ಡದವನೊಬ್ಬ ಸ್ಪೀಕರಿನ ಪೆಟ್ಟಿಗೆ ಎತ್ತಲಾರದೆ ಏದುಸಿರು ಬಿಡುತ್ತಿದ್ದ. ಪಿಟೀಲು ಹೋಗಿ ಇನ್ನೊಂದು ಬದಿ ಹಿಡಿದಳು, ಬೆನ್ನಲ್ಲ, ಮಂಡಿ ಬಗ್ಗಿಸಿ ಎಂದು ಬುದ್ಧಿಯನ್ನೂ ಹೇಳಿದಳು. ಅವನು ಬ್ಯಾಂಡಿನ ಬಾಸ್ ಗಿಟಾರಿನವನು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೇಲೆ ತಲುಪಿದ ಮೇಲೆ ಅವನು ಜೇಬಿನಿಂದ ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆ ತೆಗೆದು ಅವಳಿಗೆ ಕೊಟ್ಟ. ಅವಳು ಅದರಿಂದ ಉಗುರಿನ ಕೊಳೆ ತೆಗೆದುಕೊಂಡಳು. ಅಕ್ಕನ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯ ಯಾವ ಹಾಡಿನ ನಡುವೆ ಯಾವ ತಂತಿ ಕಡಿದುಕೊಂಡಿದ್ದ ಎಂಬುದು ಕೂಡ ಅವಳಿಗೆ ಬಾಯಿಪಾಠ. ಆದರೂ ತಂಗಿಯ ಚೀಲ ಹಿಡಿದು ಹಿಂದೆ ಹತ್ತಿದ್ದಳು.

ಗಾಯಕಿಗೆ ಐವತ್ತು ದಾಟಿತ್ತು, ಒಂದು ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದಳು, ದನಿ ಮಾತ್ರ ಕ್ಯಾಸೆಟ್ಟಿನಲ್ಲಿದ್ದದ್ದೇ. ಐದನೆಯದಾಗಿ ಆ ಹಾಡು ಬಂತು. ಮೂರನೆಯ "ತಟ್ಟು" ಆದ ಮೇಲೆ ಒಂದು ಕ್ಷಣ ವಾದ್ಯಗಳೆಲ್ಲ ನಿಂತವು. ಅಕ್ಕನ ಬಾಯ್ತುದಿಗೆ ತನ್ನ ಮಾತು ಬಂದೇಬಿಟ್ಟಿತ್ತು. ಹಾಡು ಸರಿಯಾಗಿ ಬಾರದವಳು ಎಂದುಕೊಂಡಾರೆಂದು ನುಂಗಿಕೊಂಡಳು. ಮುಂದಿನ ಸಾಲಿನಲ್ಲಿದ್ದ ಪಿಟೀಲು ನುಂಗಲಿಲ್ಲ. "ಬೀಗ ನಂದು, ಬಾಗಿಲು ನಂದು" ಎಂದು ಬಸ್ಸಿನ ಗಂಟಲಲ್ಲೇ ಕೂಗಿದಳು.

ಗಾಯಕಿ ಕೈ ಎತ್ತಿ ಡ್ರಮ್ಮಿನವನನ್ನು ತಡೆದಳು.

"ನಮ್ಮ ಹಾಡಲ್ಲಿ ಅದು ಇಲ್ವಲ್ಲ. ಚೆನ್ನಾಗಿದೆ. ಮೇಲೆ ಬಾ, ಪೂರ್ತಿ ಹೇಳು."

ಪಿಟೀಲು ವೇದಿಕೆ ಹತ್ತಿ ಮೈಕು ಹಿಡಿದಳು. "ಒಳಗೆ ಬರ್ಬೇಕಾ" ಎನ್ನುವವರೆಗೂ ಬಂದು ತಡವರಿಸಿ ನಿಂತಳು. ಕಂಬಕ್ಕೊರಗಿದ್ದ ಅಕ್ಕನನ್ನು ಹುಡುಕಿ, ಚಿಕ್ಕಂದಿನಲ್ಲಿ ಪಾಠ ಒಪ್ಪಿಸುವಾಗ ಮಾಡುತ್ತಿದ್ದ ಹಾಗೆ ಹುಬ್ಬೇರಿಸಿದಳು. ಬೇಕಾಗಿದ್ದದ್ದು ಮೂರೇ ಮಾತು. ಅಕ್ಕ ತುಟಿ ಬಿಗಿದಳು. ಒದ್ದಾಡಲಿ. ಬಿಲ್ಲೆಯೂ ಅವಳಿಗೇ, ಮೈಕೂ ಅವಳಿಗೇ, ಮಾತಾದರೂ ನನ್ನ ಹತ್ತಿರ ಉಳಿಯಲಿ.

ಪಿಟೀಲು ಮೈಕಿನಲ್ಲೇ ನಕ್ಕಳು. "ಮರೆತುಹೋಯ್ತು. ಇದು ನಂದಲ್ಲ, ನಮ್ಮಕ್ಕ ಕಟ್ಟಿದ್ದು. ನಿಮ್ಮ ಹಾಡೆಲ್ಲ ನನಗೆ ಕಲಿಸಿದ್ದೂ ಅವಳೇ. ಅಗೋ, ಕಂಬದ ಹತ್ರ ಇದ್ದಾಳೆ, ಅವಳನ್ನೇ ಕೇಳಿ."

ನೂರು ತಲೆಗಳು ತಿರುಗಿದವು. ಗಾಯಕಿ ವೇದಿಕೆಯ ಅಂಚಿಗೆ ಬಂದು, ನೇರ ಅಕ್ಕನನ್ನೇ ನೋಡುತ್ತ ಮೈಕು ಚಾಚಿದಳು. ಇಪ್ಪತ್ತಮೂರು ವರ್ಷ ಬೇಡಿಕೊಂಡ ನೋಟ ಅದೇ. ಆದರೆ ಈಗ ಹೇಳಿದರೆ, ಆಗ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂಬುದು ತಂಗಿಗೆ ತಿಳಿದುಹೋಗುತ್ತದೆ.

"ನನಗೇನೂ ಗೊತ್ತಿಲ್ಲ" ಎಂದಳು ಅಕ್ಕ. "ಅವಳು ಸುಮ್ಮನೆ ಹೇಳ್ತಾಳೆ."

ಗಾಯಕಿ ಪರವಾಗಿಲ್ಲ ಎಂದು ಆಗಲೇ ಬೆನ್ನು ತಿರುಗಿಸಿದ್ದಳು. ಡ್ರಮ್ಮು ಶುರುವಾಯಿತು. ಜನ ಹಾಡಿನ ಅಸಲಿ ಮಾತುಗಳನ್ನು ಒಕ್ಕೊರಲಿನಿಂದ ಹಾಡಿದರು.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಕಾರಿನಲ್ಲಿ ಕೂತ ಮೇಲೆ ಪಿಟೀಲು ಕೀಲಿ ತಿರುಗಿಸದೆ, ಬಿಲ್ಲೆಯನ್ನು ಅಕ್ಕನ ಅಂಗೈಯಲ್ಲಿಟ್ಟಳು.

"ಇದು ನಿನ್ನ ಹತ್ರಾನೇ ಇರ್ಲಿ" ಎಂದಳು. ಆಮೇಲೆ ಕೀಲಿಗೆ ಕೈ ಹಾಕುತ್ತ, "ನನಗೆ ಮರೆತಿರ್ಲಿಲ್ಲ ಅಕ್ಕ. ಆ ಕೊನೇ ಮಾತು ನಿನ್ನ ಬಾಯಿಂದಾನೇ ಬರ್ಲಿ ಅಂತ ಬಿಟ್ಟಿದ್ದೆ" ಎಂದಳು.

ಅಕ್ಕನಿಗೆ ಅಳು ಉಕ್ಕಿ ಬಂತು. ಅದರ ಬೆನ್ನಿಗೇ ಆ ನಾಚಿಕೆಗೆಟ್ಟ ಹೊಟ್ಟೆಯುರಿಯೂ ಬಂತು. ಇಷ್ಟು ದೊಡ್ಡ ಮನಸ್ಸೂ ಇವಳಿಗೇ ಇರಬೇಕೇ ಎಂದುಕೊಂಡು ಅವಳು ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.